ಮುಖಪುಟದ ಕಾಮಿ ಅತ್ತೆ

ನಮ್ಮ ವಿಶ್ವವಿದ್ಯಾಲಯದ ಮುಂಬಾಗಿಲಿನಿಂದ ಕಾಮಿ ಅತ್ತೆ ಒಳಗೆ ಬರುವಂತಿಲ್ಲ. ಹೊರಗುತ್ತಿಗೆಯವರಿಗೆ ಹಿಂದಿನ ಗೇಟು. ಆದರೆ ವಿಶ್ವವಿದ್ಯಾಲಯದ ಜಾಲತಾಣವನ್ನು ತೆರೆದರೆ ಮುಖಪುಟದಲ್ಲಿ ಮೊದಲು ಕಾಣುವವಳು ಅವಳೇ. ಕುಲಪತಿಗಳಿಗಿಂತ ದೊಡ್ಡದಾಗಿ ನಿಂತಿದ್ದಾಳೆ. ತಲೆಯ ಮೇಲೆ ತುರಾಯಿ ಇದೆ. ಮುಖದಲ್ಲಿ ಸಿಟ್ಟಿದೆ.

ತುರಾಯಿ ಎಂದರೆ ಹೋಳಿಯ ಹೊತ್ತಿನ ಸುಗ್ಗಿ ಕುಣಿತದಲ್ಲಿ ತಲೆಗೆ ಕಟ್ಟುವ ಹೂಬಣ್ಣದ ಮುಂಡಾಸು. ನಮ್ಮ ಹಾಲಕ್ಕಿ ಜನರ ಕೇರಿಯಾದ ಕೊಪ್ಪದಲ್ಲಿ ಅದನ್ನು ಗಂಡಸರು ಕಟ್ಟುತ್ತಾರೆ. ದೇವರಿಗೆ ಕೈಮುಗಿದು ಕಟ್ಟುತ್ತಾರೆ, ಸುಗ್ಗಿ ಮುಗಿದ ಮೇಲೆ ಕೈಮುಗಿದು ಬಿಚ್ಚುತ್ತಾರೆ. ಹೆಂಗಸರು ಅದನ್ನು ಮುಟ್ಟುವುದಿಲ್ಲ. ಇದು ನ್ಯಾಯವೋ ಅನ್ಯಾಯವೋ ಎಂಬುದು ಬೇರೆ ಚರ್ಚೆ. ಅದನ್ನು ನಾವು ನಮ್ಮ ಅಂಗಳದಲ್ಲಿ ನಡೆಸಿಕೊಳ್ಳುತ್ತೇವೆ. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಕೊಪ್ಪದ ಮಗುವಿಗೂ ತಿಳಿದಿರುವ ಈ ಸಂಗತಿ ವಿಶ್ವವಿದ್ಯಾಲಯದ ಜಾಲತಾಣ ಸಮಿತಿಗೆ ತಿಳಿದಿರಲಿಲ್ಲ.

ನಾನು ಯಶೋದಾ. ಕಾಮಿ ನನ್ನ ಅಪ್ಪನ ತಂಗಿ. ನಮ್ಮದು ಅಂಕೋಲೆ ತಾಲೂಕು, ಕೇಣಿಯಿಂದ ಒಳಗೆ ಗದ್ದೆಬದಿಯ ಕೊಪ್ಪ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಕಾರವಾರದ ಕೋಡಿಬಾಗದಲ್ಲಿರುವ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಜಾಲತಾಣ ಸಹಾಯಕಿ. ನೇಮಕ ಮಾಡಿದವನು ಅತ್ತೆಯನ್ನು ನೇಮಿಸಿದ ಗುತ್ತಿಗೆದಾರನೇ. ಅವನ ಒಪ್ಪಂದದಲ್ಲಿ ನಮ್ಮ ವಿಭಾಗದ ಹೆಸರು ‘ಸ್ವಚ್ಛತೆ ಮತ್ತು ಇತರೆ’. ಅತ್ತೆ ಸ್ವಚ್ಛತೆ. ನಾನು ಇತರೆ.

ಬೆಳಗಿನ ಬಸ್ಸಿನಲ್ಲಿ ನಾವಿಬ್ಬರೂ ಒಟ್ಟಿಗೆ ಕಾರವಾರಕ್ಕೆ ಬರುತ್ತೇವೆ. ಅವಳು ಇಳಿದ ಕೂಡಲೇ ಸೆರಗು ಸೊಂಟಕ್ಕೆ ಬಿಗಿದು ಮುಂಭಾಗದ ಮೆಟ್ಟಿಲು ತೊಳೆಯಲು ಕೂರುತ್ತಾಳೆ. ಕಾಳಿ ನದಿ ಸಮುದ್ರ ಸೇರುವ ಕಡೆಯಿಂದ ಗಾಳಿ ಬೀಸುತ್ತದೆ. ಅದರಲ್ಲಿ ಉಪ್ಪು ಮತ್ತು ಮರಳು ಇರುತ್ತವೆ. ಮೇಲಿನ ಮೆಟ್ಟಿಲಿನಿಂದ ತಿಕ್ಕುತ್ತ ಕೆಳಗಿನದಕ್ಕೆ ಬರುವಷ್ಟರಲ್ಲಿ ಮೇಲಿನದರ ಮೇಲೆ ಮತ್ತೆ ಮರಳು ಕುಳಿತಿರುತ್ತದೆ. ಅವಳ ಮೊಣಕಾಲಿನ ಚರ್ಮ ಕಪ್ಪಾಗಿ ದಪ್ಪವಾಗಿದೆ. ಫಿನಾಯಿಲಿಗೆ ಬೆರಳ ಸಂದಿಗಳು ಬಿರಿದಿವೆ. ಮೆಟ್ಟಿಲು ಒಣಗಿದ ಮೇಲೆ ಅದನ್ನು ಹತ್ತುವ ಹಕ್ಕು ಅವಳಿಗಿಲ್ಲ.

ಜಾಲತಾಣದ ಕೆಲಸವೂ ಮೆಟ್ಟಿಲು ತೊಳೆದಂತೆಯೇ. ಒಮ್ಮೆ ಕಟ್ಟಿ ರಿಬ್ಬನ್ ಕತ್ತರಿಸಿದರೆ ಮುಗಿಯುವುದಿಲ್ಲ. ದಿನವೂ ಧೂಳು ಬೀಳುತ್ತದೆ. ಇದನ್ನು ನಾನು ಸಮಿತಿಗೆ ಬರವಣಿಗೆಯಲ್ಲಿ ತಿಳಿಸಿದ್ದೆ. ಪ್ರತಿ ಪುಟಕ್ಕೂ ಹೊಣೆ ಹೊರುವ ಒಬ್ಬರ ಹೆಸರಿರಬೇಕು, ಹಳೆಯ ಸೂಚನೆಗಳನ್ನು ಹೊತ್ತಿಗೆ ಸರಿಯಾಗಿ ಕಡತಕ್ಕೆ ಸರಿಸಬೇಕು, ಹಳ್ಳಿಯ ದುರ್ಬಲ ಸಿಗ್ನಲ್ಲಿನಲ್ಲೂ, ಸಾಧಾರಣ ಮೊಬೈಲಿನಲ್ಲೂ ಪುಟ ತೆರೆಯಬೇಕು, ಕನ್ನಡದಲ್ಲಿರಬೇಕು, ಯಾರ ಚಿತ್ರವನ್ನೇ ಹಾಕಲಿ, ಅವರನ್ನು ಕೇಳಿ ಹಾಕಬೇಕು. ಸಮಿತಿಯ ಅಧ್ಯಕ್ಷರಾದ ಡಾ. ಹೇರಂಬ ಹೆಗಡೆಯವರು ಓದಿ, “ಚಂದ ಬರೆದಿದ್ದೀ. ಅಕ್ಷರ ಮುತ್ತಿನ ಹಾಗೆ ಉಂಟು” ಎಂದರು. ಅದನ್ನು ನಾನು ಟೈಪು ಮಾಡಿದ್ದೆ.

ಹೇರಂಬ ಸರ್ ವಾಣಿಜ್ಯ ವಿಭಾಗದವರು. ಅವರ ಮೊಬೈಲು ಎಲ್ಲ ಪ್ರಾಧ್ಯಾಪಕರದಕ್ಕಿಂತ ದೊಡ್ಡದಾದ ಕಾರಣ ಅವರನ್ನು ಜಾಲತಾಣ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದರೆಂದು ಕ್ಯಾಂಟೀನಿನಲ್ಲಿ ಹೇಳುತ್ತಾರೆ. ಇದನ್ನು ನಾನು ಪರಿಶೀಲಿಸಿಲ್ಲ. ಸಮಿತಿಯ ಸಭೆಗಳಲ್ಲಿ ಚರ್ಚೆಯಾಗುವುದು ಮುಖಪುಟ ಒಂದೇ. ಅಲ್ಲಿ ಯಾರ ಭಾವಚಿತ್ರ ಮೊದಲು ಜಾರಿ ಬರಬೇಕು, ಯಾರದು ಅನಂತರ. ಒಳಗಿನ ಪುಟಗಳ ಬಗ್ಗೆ ಯಾರಿಗೂ ಜಗಳವಿಲ್ಲ. ಅಲ್ಲಿ ಯಾರೂ ಹೋಗುವುದಿಲ್ಲ. ನಿವೃತ್ತರಾದವರು ಅಲ್ಲಿ ಇನ್ನೂ ವಿಭಾಗ ಮುಖ್ಯಸ್ಥರಾಗಿದ್ದಾರೆ. ಎಂದೋ ಮುಗಿದ ವಿಚಾರ ಸಂಕಿರಣದ ಪಕ್ಕದಲ್ಲಿ ‘ಹೊಸತು’ ಎಂಬ ಕೆಂಪು ಅಕ್ಷರ ಮಿನುಗುತ್ತಲೇ ಇದೆ. ‘ಕನ್ನಡ’ ಎಂಬ ಗುಂಡಿಯನ್ನು ಒತ್ತಿದರೆ ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತದೆ.

ಮುಖಪುಟಕ್ಕೆ ‘ಸ್ಥಳೀಯತೆ’ ಬೇಕೆಂದು ಸಮಿತಿ ತೀರ್ಮಾನಿಸಿದ ದಿನ ನಾನು ರಜೆಯಲ್ಲಿದ್ದೆ. ನಡೆದದ್ದನ್ನು ಅತ್ತೆ ಹೇಳಿದಳು. ಫೋಟೋ ತೆಗೆದವನನ್ನೂ ಕೇಳಿ ತಾಳೆ ನೋಡಿದ್ದೇನೆ. ಇಬ್ಬರ ಮಾತೂ ಕೂಡುತ್ತದೆ.

ಅತ್ತೆ ಅರ್ಧ ಮೆಟ್ಟಿಲು ತೊಳೆದಿದ್ದಳು. ಹೇರಂಬ ಸರ್ ಮೇಲಿನಿಂದ ಕೈಬೀಸಿದರು.

“ಏ ಬಾಯಿ, ಸ್ವಲ್ಪ ಇಲ್ಲಿ ಬಾ. ನೀನು ಹಾಲಕ್ಕಿ ಅಲ್ಲವಾ?”

“ಹೌದ್ರಾ.”

“ಮಣಿ ಎಲ್ಲಿ? ಮಣಿಸರ?”

“ಮೆಟ್ಲ್ ತೊಳೂಕೆ ಮಣಿ ಎಂತಕೆ ಸರ್?”

ಪೇಟೆಯಿಂದ ಮಣಿಸರ ತರಿಸಿದರು. ಪ್ಲಾಸ್ಟಿಕ್ಕಿನದು. ರವಿಕೆ ಇಲ್ಲದಿದ್ದರೆ ಇನ್ನೂ ಸಹಜವಾಗಿರುತ್ತದೆ ಎಂದು ಯಾರೋ ಸಲಹೆ ಕೊಟ್ಟರು. ಅತ್ತೆ ಪೊರಕೆಯನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡಳು. ಸಲಹೆ ಅಲ್ಲಿಗೆ ನಿಂತಿತು. ಆಮೇಲೆ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಿಂದ ತುರಾಯಿ ಬಂತು.

“ಇದು ಗಂಡಸ್ರ ಕಟ್ಟೂದು ಸರ್. ನಾ ಕಟ್ಕಳೂಕಾಗ.”

“ಫೋಟೋಕ್ಕೆ ಎಂತ ಗಂಡು, ಎಂತ ಹೆಣ್ಣು? ಬಣ್ಣ ಚಂದ ಬರ್ತದೆ.”

“ಊರಲ್ಲಿ ಬಯ್ತ್ರು.”

“ಊರಲ್ಲಿ ಯಾರು ನೋಡ್ತಾರೆ ಮಾರಾಯ್ತಿ? ಇದು ಇಂಟರ್‌ನೆಟ್.”

ಸ್ವಚ್ಛತೆಯ ಮೇಲ್ವಿಚಾರಕ ಪಕ್ಕದಲ್ಲಿ ನಿಂತಿದ್ದ. ನಾಳೆಯಿಂದ ಬರುವುದು ಬೇಡವೇನು ಎಂದು ಕೇಳಿದ. ಅತ್ತೆ ನಿಂತಳು. ಇನ್ನೊಬ್ಬರ ಕೈ ಅವಳ ತಲೆಗೆ ತುರಾಯಿ ಕಟ್ಟಿತು. ಫೋಟೋ ತೆಗೆದರು. ಉಳಿದ ಅರ್ಧ ಮೆಟ್ಟಿಲು ತೊಳೆಯದೆ ಕುಣಿಯುತ್ತಿದ್ದೀಯಾ ಎಂದು ಅದೇ ಮೇಲ್ವಿಚಾರಕ ಬಯ್ದ. ಅವಳು ಮೆಟ್ಟಿಲು ಮುಗಿಸಿದಾಗ ನಮ್ಮ ಕಡೆಯ ಬಸ್ಸು ಹೋಗಿತ್ತು.

ಊರಲ್ಲಿ ಎಲ್ಲರೂ ನೋಡಿದರು. ಇದಕ್ಕೆ ತಾಂತ್ರಿಕ ಕಾರಣವಿದೆ. ಚಿತ್ರವನ್ನು ಕುಗ್ಗಿಸದೆ, ಕ್ಯಾಮರಾದಿಂದ ಬಂದ ಗಾತ್ರದಲ್ಲೇ ಏರಿಸಿದ್ದರು. ಫಲಿತಾಂಶ ನೋಡಲು ಹೋದ ಪ್ರತಿ ವಿದ್ಯಾರ್ಥಿಯ ಮೊಬೈಲಿನಲ್ಲೂ ಮೊದಲು ತುರಾಯಿ ಇಳಿಯಿತು, ಅನಂತರ ಹಣೆ, ಅನಂತರ ಕಣ್ಣು. ಕಾಮಿ ಅತ್ತೆ ಪೂರ್ತಿ ಇಳಿಯುವಷ್ಟರಲ್ಲಿ ದಿನದ ಡೇಟಾ ಮುಗಿಯುತ್ತಿತ್ತು. ಫಲಿತಾಂಶ ಯಾರಿಗೂ ಸಿಗಲಿಲ್ಲ. ಅತ್ತೆ ಎಲ್ಲರಿಗೂ ಸಿಕ್ಕಳು.

“ಬಾವ ಬಂದ್ರಾ?” ಎಂದು ಮೀನು ಮಾರುವ ನಾಗು ಬಸ್ಸಿನಲ್ಲಿ ಕೇಳಿದಳು. “ಮೀಸೆ ಎಲ್ಲಿ ಬಿಟ್ಟ್ ಬಂದ್ರಿ?”

“ನಿನ್ ಬುಟ್ಟೀಲದೆ, ನೋಡು. ಸಿಗಡಿ ಅಂದ್ಕಂಡ್ ಮಾರ್ಬೇಡ” ಎಂದಳು ಅತ್ತೆ. ಬಸ್ಸು ನಕ್ಕಿತು. ಅವಳೂ ನಕ್ಕಳು. ಆಮೇಲೆ ಕಾರವಾರದವರೆಗೆ ಕಿಟಕಿಯ ಕಡೆ ತಿರುಗಿ ಕೂತಳು.

ಕೊಪ್ಪದಲ್ಲಿ ಮಾತ್ರ ನಗು ಇರಲಿಲ್ಲ. ಸುಗ್ಗಿ ಹತ್ತಿರ ಬಂದಿತ್ತು. ಊರಿನ ಕಟ್ಟುಪಾಡು ನೋಡಿಕೊಳ್ಳುವ ಹಿರಿಯ ಹುಲಿಯಾ ಅಜ್ಜ, ಅತ್ತೆಯ ಗಂಡ ಬೀರಾ ಮಾವನನ್ನು ಕರೆಸಿ ಹೇಳಿದರು: ಆ ಫೋಟೋ ಇರುವವರೆಗೆ ಬೀರಾ ತುರಾಯಿ ಕಟ್ಟುವಂತಿಲ್ಲ, ಮನೆಮನೆಗೆ ಹೋಗಿ ಕುಣಿಯುವ ಸುಗ್ಗಿ ತಂಡ ಅವನ ಅಂಗಳದಲ್ಲಿ ನಿಲ್ಲುವುದಿಲ್ಲ. ತಂಡ ಒಂದು ಮನೆಯನ್ನು ಬಿಟ್ಟು ಮುಂದೆ ಹೋದರೆ ಆ ಮನೆ ಊರಿನಲ್ಲಿದ್ದೂ ಇಲ್ಲದಂತೆ. ಮಾವ ಹುಡುಗನಾಗಿದ್ದಾಗಿನಿಂದ ಕುಣಿದವನು. ಅವನು ಹೆಂಡತಿಗೆ ಬಯ್ಯಲಿಲ್ಲ. “ಹೋಗ್ಲಿ ಬಿಡು. ಮನೆಗೆ ಒಬ್ರು ಕಟ್ಟಿದ್ರೆ ಸಾಕು” ಎಂದು ಹೇಳಿ ಗೋಡೆಗೆ ತಿರುಗಿ ಮಲಗಿದ.

“ಯಶೋದಾ, ಅದ್ನ ತೆಗ್ದ್‌ಬಿಡೆ. ಸುಗ್ಗಿ ಒಳಗೆ ತೆಗೀಬೇಕು” ಎಂದಳು ಅತ್ತೆ. “ನೀ ಅಲ್ಲೇ ಕೂತ್ಕಂಡಿರ್ತೆ. ಒಂದ್ ಬಟನ್ ಒತ್ತೂಕೆ ಎಂತ?”

ಅತ್ತೆ ತಿಳಿದಷ್ಟು ಸುಲಭವಲ್ಲ. ಮುಖಪುಟದ ಕೀಲಿ ನನ್ನಲ್ಲಿಲ್ಲ. ಅದು ಜಾಲತಾಣ ಕಟ್ಟಿದ ಸಂಸ್ಥೆಯ ಬಳಿ ಇದೆ. ನನಗಿರುವುದು ಪದಗಳನ್ನು ಬದಲಿಸುವ ಅಧಿಕಾರ ಮಾತ್ರ. ಮುಖಪುಟದಲ್ಲಿ ಅಲ್ಪವಿರಾಮ ಅಲುಗಬೇಕಿದ್ದರೂ ಸಮಿತಿಯ ನಿರ್ಣಯ ಬೇಕು ಎಂದು ಹೇರಂಬ ಸರ್ ಸುತ್ತೋಲೆ ಹೊರಡಿಸಿದ್ದರು.

ನಾನು ಅವರ ಕೋಣೆಗೆ ಹೋದೆ.

“ಸರ್, ಮುಖಪುಟದ ಚಿತ್ರವನ್ನು ತೆಗೆಯಬೇಕು. ಅದು ತಪ್ಪಾಗಿದೆ. ಅವರ ಒಪ್ಪಿಗೆಯೂ ಇಲ್ಲ.”

“ತಪ್ಪು ಎಂತದು? ಅದು ನಮ್ಮ ಅಸ್ಮಿತೆ ಅಲ್ಲವಾ?”

“ತುರಾಯಿ ಅವರ ತಲೆಯ ಮೇಲಿದೆ ಸರ್. ಅಸ್ಮಿತೆ ನಮ್ಮದು ಹೇಗಾಗುತ್ತದೆ?”

ಅವರು ಕನ್ನಡಕ ತೆಗೆದು ಒರೆಸಿದರು. “ಆಕೆ ದೂರು ಕೊಟ್ಟಿದ್ದಾಳಾ? ಕುಂದುಕೊರತೆಗೆ ಒಂದು ಪುಟ ಉಂಟಲ್ಲ ಜಾಲತಾಣದಲ್ಲೇ. ಅಲ್ಲಿ ಹಾಕಲಿ. ನಾವು ಬಾಗಿಲು ಮುಚ್ಚಿಲ್ಲ.”

ಆ ಪುಟವನ್ನು ತೆರೆದೆ. ಮೊದಲು ಸಿಬ್ಬಂದಿ ಸಂಖ್ಯೆ ಕೇಳಿತು. ಹೊರಗುತ್ತಿಗೆಯವರಿಗೆ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದವರ ಕುಂದುಕೊರತೆ ಜಾಲತಾಣದ ದೃಷ್ಟಿಯಲ್ಲಿ ಹುಟ್ಟುವುದೇ ಇಲ್ಲ. ವಿಶ್ವವಿದ್ಯಾಲಯದಲ್ಲಿ ದೂರುಗಳು ಕಡಿಮೆಯಾಗಿವೆ ಎಂದು ವಾರ್ಷಿಕ ವರದಿಯಲ್ಲಿ ಬರೆದದ್ದು ಸುಳ್ಳಲ್ಲವೆಂದು ಆಗ ತಿಳಿಯಿತು.

ಈ ಜಾಲತಾಣ ಒಳಗೆ ಬಿಟ್ಟುಕೊಳ್ಳದ ಇನ್ನೊಬ್ಬರು ಸತೀಶ ಸರ್. ಇತಿಹಾಸ ಕಲಿಸುತ್ತಾರೆ. ಕಣ್ಣು ಕಾಣುವುದಿಲ್ಲ. ಅವರ ಕಂಪ್ಯೂಟರಿನಲ್ಲಿ ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ಧ್ವನಿಯಿದೆ. ಚಿತ್ರ ಬಂದಾಗ ಅದರ ಹಿಂದೆ ಯಾರಾದರೂ ವಿವರಣೆ ಬರೆದಿಟ್ಟಿದ್ದರೆ ಆ ಧ್ವನಿ ಅದನ್ನು ಓದುತ್ತದೆ. ಬರೆದಿರದಿದ್ದರೆ ಕಡತದ ಹೆಸರನ್ನು ಓದುತ್ತದೆ.

“ಯಶೋದಾ, ನಮ್ಮ ಕುಲಪತಿಗಳ ಹೆಸರು ಐ ಎಂ ಜಿ ಅಡಿಗೆರೆ ಸೊನ್ನೆ ಸೊನ್ನೆ ಅಂತ ಇವತ್ತು ಗೊತ್ತಾಯ್ತು” ಎಂದು ಅವರು ಕ್ಯಾಂಟೀನಿನಲ್ಲಿ ಹೇಳಿದ್ದರು. “ಹೇರಂಬರದು ‘ಫೈನಲ್, ಫೈನಲ್, ಹೊಸ ಫೈನಲ್’. ಮನುಷ್ಯ ಅಷ್ಟು ಸಲ ತಿದ್ದಿದರೂ ಹಾಗೇ ಇದ್ದಾರೆ.”

ಅವರು ಮೊದಲಿನಿಂದಲೂ ಕೇಳುತ್ತಿದ್ದರು, ಚಿತ್ರಗಳಿಗೆ ವಿವರಣೆ ಬರೆಯಿಸಿ ಎಂದು. ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಈಗ ನವೀಕೃತ ಜಾಲತಾಣದ ಲೋಕಾರ್ಪಣೆ ಬಂತು; ಹೊರಗಿನ ಅತಿಥಿಗಳು ಬರುವವರಿದ್ದರು; ‘ದೃಷ್ಟಿಹೀನ ಸ್ನೇಹಿ’ ಎಂಬ ಮಾತು ಆಮಂತ್ರಣದಲ್ಲಿ ಅಚ್ಚಾಗಿಬಿಟ್ಟಿತ್ತು. ಹೇರಂಬ ಸರ್ ನನ್ನನ್ನು ಕರೆದರು.

“ಎಲ್ಲ ಚಿತ್ರಕ್ಕೂ ಎರಡು ಸಾಲು ಬರೆದುಬಿಡು. ಮುಖಪುಟದ್ದಕ್ಕೆ ನಾನು ಹೇಳ್ತೇನೆ. ‘ಸಾಂಪ್ರದಾಯಿಕ ಸುಗ್ಗಿ ಉಡುಪಿನಲ್ಲಿ ನಲಿಯುತ್ತಿರುವ ಹಾಲಕ್ಕಿ ಮಹಿಳೆ.’ ಬರಕೋ.”

ನಾನು ಪೆನ್ನು ಎತ್ತಲಿಲ್ಲ.

“ಇದನ್ನು ನಾನು ಬರೆಯುವುದಿಲ್ಲ ಸರ್.”

“ಯಾಕೆ?”

“ಸುಳ್ಳು.”

ಇದಕ್ಕಿಂತ ಮೆತ್ತಗಿನ ಪದಗಳು ಕನ್ನಡದಲ್ಲಿವೆ. ಆ ಕ್ಷಣಕ್ಕೆ ನನಗೆ ಯಾವುದೂ ಬೇಕೆನಿಸಲಿಲ್ಲ.

“ನಿನ್ನ ಗುತ್ತಿಗೆ ಮಾರ್ಚಿಗೆ ಮುಗೀತದೆ. ಗೊತ್ತುಂಟಲ್ಲ?”

“ಗೊತ್ತು ಸರ್. ಅವಳು ನಲಿಯುತ್ತಿಲ್ಲ. ಅದು ಸಾಂಪ್ರದಾಯಿಕವೂ ಅಲ್ಲ. ನಾನು ಬರೆಯುವುದಿಲ್ಲ.”

ಅವರಿಗೆ ಸಿಟ್ಟಿಗಿಂತ ಬೇಸರ ಹೆಚ್ಚಾಯಿತು. ಅತಿಥಿಗಳ ಊಟದ ವ್ಯವಸ್ಥೆ ಬಾಕಿಯಿತ್ತು. “ಮಾರಾಯ್ತಿ, ಎಂತ ಬೇಕಾದರೂ ಬರೆ. ಕಾಣದೇ ಇರುವ ಬರಹ ಅದು. ಅದನ್ನು ಯಾರು ನೋಡ್ತಾರೆ?”

ಇದನ್ನು ನಾನು ಲಿಖಿತವಾಗಿ ಕೇಳಿದೆ. ‘ವಿವರಣೆಗಳನ್ನು ಯಶೋದಾ ತಮ್ಮ ವಿವೇಚನೆಯಂತೆ ಬರೆಯತಕ್ಕದ್ದು’ ಎಂದು ಅವರು ಇಮೇಲ್ ಕಳಿಸಿದರು. ವಿವರಣೆ ಬರೆಯುವ ನಿಯಮ ಸರಳ. ಕಂಡದ್ದನ್ನು ಬರೆಯಬೇಕು, ಕಾಣಲಿ ಎಂದು ನಾವು ಬಯಸಿದ್ದನ್ನು ಬರೆಯಬಾರದು. ಪ್ರಯೋಗಾಲಯದಲ್ಲಿ ಕಲಿತದ್ದೂ ಅದನ್ನೇ. ಬರೆದು ಮುಗಿಸಿ ಅತ್ತೆಗೆ ಬಸ್ಸಿನಲ್ಲಿ ಓದಿ ಹೇಳಿದೆ. ಅವಳ ಹೆಸರು ಹಾಕಲು ಅವಳನ್ನು ಕೇಳಬೇಕಿತ್ತು.

“ಹಾಕು. ಮಖ ಹಾಕೂಕೆ ಕೇಳ್ದವ್ರಿಲ್ಲ. ಹೆಸ್ರಾದ್ರೂ ನಾ ಹೇಳ್ಕಂಡೇ ಹೋಗ್ಲಿ” ಎಂದಳು.

ಲೋಕಾರ್ಪಣೆಯ ದಿನ ಸಭಾಂಗಣ ತುಂಬಿತ್ತು. ಅತ್ತೆಯನ್ನು ಹಿಂದಿನ ಬಾಗಿಲ ಬಳಿ ನೆಲ ಒರೆಸುವ ಕೋಲಿನೊಂದಿಗೆ ನಿಲ್ಲಿಸಿದ್ದರು, ಯಾರಾದರೂ ಚಹಾ ಚೆಲ್ಲಿದರೆ ಎಂದು. ಕುಲಪತಿಗಳು ಗುಂಡಿ ಒತ್ತಿದರು. ಪರದೆಯ ತುಂಬ ಅತ್ತೆ ಇಳಿದಳು, ತುರಾಯಿಯಿಂದ ಶುರುವಾಗಿ ನಿಧಾನಕ್ಕೆ. ಎಲ್ಲರೂ ಚಪ್ಪಾಳೆ ತಟ್ಟಿದರು. ದೃಷ್ಟಿಹೀನ ಸ್ನೇಹಿ ಎಂಬುದನ್ನು ತೋರಿಸಲು ಸತೀಶ ಸರ್ ವೇದಿಕೆಗೆ ಬಂದು ಕೀಲಿಮಣೆ ಮುಟ್ಟಿದರು. ಧ್ವನಿವರ್ಧಕದಲ್ಲಿ ಆ ಯಂತ್ರದ ಹೆಂಗಸು ಏರಿಳಿತವಿಲ್ಲದ ಕನ್ನಡದಲ್ಲಿ ಓದತೊಡಗಿದಳು.

“ಚಿತ್ರ. ಕಾಮಿ ಬೀರಾ ಗೌಡ. ಈ ಕಟ್ಟಡದ ಮೆಟ್ಟಿಲು ತೊಳೆಯುವವರು. ಹೊರಗುತ್ತಿಗೆ. ಕೆಲಸದ ನಡುವೆ ಕರೆದು ನಿಲ್ಲಿಸಲಾಗಿದೆ. ತಲೆಯ ಮೇಲೆ ಸುಗ್ಗಿಯ ತುರಾಯಿ. ಇದನ್ನು ಗಂಡಸರು ಕಟ್ಟುತ್ತಾರೆ. ಹಾಗೆಂದು ಅವರು ಹೇಳಿದರು. ಯಾರೂ ಕೇಳಲಿಲ್ಲ. ಕೊರಳಿನ ಮಣಿಸರ ಪ್ಲಾಸ್ಟಿಕ್. ಕಾಲ ಬಳಿ ಬಕೆಟ್. ಮುಖದಲ್ಲಿ ನಗು ಇಲ್ಲ. ಒಪ್ಪಿಗೆ ಪಡೆದಿಲ್ಲ.”

ಚಪ್ಪಾಳೆ ತಟ್ಟಲು ಎತ್ತಿದ್ದ ಕೈಗಳು ಅಲ್ಲೇ ನಿಂತವು. ಸತೀಶ ಸರ್ ಧ್ವನಿ ನಿಲ್ಲಿಸುವ ಗುಂಡಿಗಾಗಿ ತಡಕಾಡಿದರು. ಅವರ ಬೆರಳು ಎಂದೂ ದಾರಿ ತಪ್ಪಿದ್ದನ್ನು ನಾನು ನೋಡಿಲ್ಲ. ಆ ದಿನ ತಪ್ಪಿತು. ಯಂತ್ರದ ಹೆಂಗಸು ಮೊದಲಿನಿಂದ ಮತ್ತೊಮ್ಮೆ ಓದಿದಳು.

ಮೊದಲು ನಕ್ಕವರು ವಿದ್ಯಾರ್ಥಿಗಳು. ಆಮೇಲೆ ಅತಿಥಿಗಳಲ್ಲೊಬ್ಬರು ಕರವಸ್ತ್ರ ಬಾಯಿಗೆ ಹಿಡಿದರು. ಕುಲಪತಿಗಳು ನಗಲಿಲ್ಲ.

“ಕಾಮಿ ಯಾರು?” ಎಂದು ಕೇಳಿದರು.

“ನಾನೆ” ಎಂದಳು ಅತ್ತೆ. ಕೋಲನ್ನು ಗೋಡೆಗೆ ಒರಗಿಸಿ ಕುರ್ಚಿಗಳ ನಡುವೆ ನಡೆದು ಮುಂದೆ ಬಂದಳು. ಪರದೆಯಲ್ಲಿ ಅವಳೇ, ಪರದೆಯ ಕೆಳಗೂ ಅವಳೇ. ಕೆಳಗಿನವಳು ಗಿಡ್ಡ.

ಹೇರಂಬ ಸರ್ ಅವಸರದಿಂದ ಎದ್ದರು. “ಅಮ್ಮಾ, ಅದೊಂದು ಗಡಿಬಿಡಿಯಲ್ಲಿ ಆಯ್ತು. ಬೇರೆ ಫೋಟೋ ತೆಗೆಯುವ. ಸರಿಯಾದ ಉಡುಪು ನೀವೇ ಹೇಳಿ. ಈ ಸಲ ನಿಮ್ಮನ್ನು ಕೇಳಿಯೇ ತೆಗೆಯುವ.”

“ಕೇಳಿದ್ರಲ್ಲ ಈಗ.”

“ಹೌದು.”

“ಬೇಡ.”

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಂತೆಯಲ್ಲಿ ಬಸಳೆಯ ಕಟ್ಟನ್ನು ತಿರುಗಿಸಿ ನೋಡಿ ಕೆಳಗಿಟ್ಟಂತೆ ಹೇಳಿದಳು.

“ಈಗಲೇ ತೆಗೀರಿ ಅದನ್ನು” ಎಂದರು ಕುಲಪತಿಗಳು. ಹೇರಂಬ ಸರ್ ಜಾಲತಾಣ ಕಟ್ಟಿದ ಸಂಸ್ಥೆಗೆ ಫೋನು ಮಾಡಿದರು. ಅಲ್ಲಿದ್ದವನು ಚಿತ್ರದ ಕಡತವನ್ನು ಅಳಿಸಿದ. ಚೌಕಟ್ಟನ್ನು ಮುಟ್ಟಲಿಲ್ಲ. ಚಿತ್ರ ಇಲ್ಲವಾಗಿ ಚೌಕಟ್ಟು ಉಳಿದರೆ ಏನಾಗುತ್ತದೆ ಎಂಬುದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರಬೇಕಾದ ವಿಷಯ: ಚಿತ್ರದ ಜಾಗದಲ್ಲಿ ಅದರ ವಿವರಣೆ ಎಲ್ಲರ ಕಣ್ಣಿಗೂ ಕಾಣುತ್ತದೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ನಾನು ಅಲ್ಲೇ ಇದ್ದೆ. ಪುಟ ಹೊಸದಾಗಿ ತೆರೆಯಿತು. ಬಿಳಿಯ ಚೌಕ. ಅದರೊಳಗೆ ಕಪ್ಪು ಅಕ್ಷರ. ಚಿತ್ರ. ಕಾಮಿ ಬೀರಾ ಗೌಡ. ಈ ಕಟ್ಟಡದ ಮೆಟ್ಟಿಲು ತೊಳೆಯುವವರು.

ಪುಟ ಈಗ ಬಹಳ ಬೇಗ ತೆರೆಯುತ್ತಿತ್ತು. ಕೇಣಿಯ ಕಡಲ ಬದಿಯಲ್ಲೂ.

“ಅಕ್ಷರ ತೆಗೆ!” ಎಂದು ಹೇರಂಬ ಸರ್ ನನಗೆ ಸನ್ನೆ ಮಾಡಿದರು. ಮುಖಪುಟದ ಬದಲಾವಣೆಗೆ ಸಮಿತಿಯ ನಿರ್ಣಯ ಬೇಕೆಂಬ ಅವರ ಸುತ್ತೋಲೆಯನ್ನು ವಿನಯದಿಂದ ನೆನಪಿಸಿದೆ. ಕುಲಪತಿಗಳು ಅವರ ಕಡೆ ನೋಡಿದರು. ಸುತ್ತೋಲೆಯಲ್ಲಿ ಕುಲಪತಿಗಳ ಸಹಿಯೂ ಇತ್ತು. ಸಮಿತಿಯ ಸದಸ್ಯರಲ್ಲಿ ಹೆಚ್ಚಿನವರು ಹೋಳಿಯ ರಜೆಗೆ ಊರಿಗೆ ಹೊರಟಿದ್ದರು.

ಸುಗ್ಗಿಯ ಮೊದಲ ದಿನ ಹುಲಿಯಾ ಅಜ್ಜ ಗುಮಟೆ ವಾದ್ಯ ಬಾರಿಸುವವರೊಂದಿಗೆ ಅತ್ತೆಯ ಬೇಲಿಯ ಬಳಿ ಬಂದು ನಿಂತರು. ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಬೀರಾ ಮಾವ ತಲೆಗೆ ಏನೂ ಕಟ್ಟದೆ ಕಂಬಕ್ಕೆ ಒರಗಿ ನಿಂತಿದ್ದ. ಅಜ್ಜ ಯಾರದೋ ಮೊಬೈಲನ್ನು ಕೈಯಲ್ಲಿ ಹಿಡಿದು ದೂರಕ್ಕೆ ಚಾಚಿ ನೋಡಿದರು.

“ಪೋಟ ಹೋಯ್ತು. ಚಲೋ ಆಯ್ತು” ಎಂದರು. “ಇನ್ನ್ ಕಾಮಿ ಒಂದ್ ತಪ್ಪುಕಾಯಿ ತಂದ್ ಇಡ್ಲಿ. ತಪ್ಪಾಯ್ತು ಅನ್ಲಿ. ಬೀರಾ ತುರಾಯಿ ಕಟ್ಲಿ. ಮುಗೀತು.”

ಮಾವ ತೆಂಗಿನಕಾಯಿ ತರಲು ಒಳಗೆ ಹೊರಟ. ಅತ್ತೆ ಹೊಸಿಲಿಗೆ ಅಡ್ಡ ನಿಂತಳು.

“ನಾ ಇಡೂದಿಲ್ಲ.”

“ಎಂತಕೆ?”

“ತಪ್ಪ್ ಯಾರದು ಅಂದ್ಕಂಡ್ ಅದ್ರಲ್ಲೇ ಬರ್ದದೆ, ನಿಮ್ ಕೈಯಲ್ಲೇ ಅದೆ. ಬೇಡ ಅಂದಿದೆ ನಾ. ಕೇಳ್ಲಿಲ್ಲ ಅವ್ರು. ಅಲ್ಲೂ ನಾ ತಲೆ ಬಗ್ಸೂದು, ಇಲ್ಲೂ ನಾನೇಯಾ? ತಪ್ಪುಕಾಯಿ ಬೇಕಾದ್ರೆ ಕೋಡಿಬಾಗಕ್ ಹೋಗಿ, ಅಜ್ಜಾ. ಮೆಟ್ಲು ನಾ ತೊಳ್ದಿಟ್ಟ್ ಬಂದಿದೆ. ಕಾಲ್ ಮಾತ್ರ ಒರ್ಸ್ಕಂಡ್ ಹತ್ತಿ.”

ಗುಮಟೆಯವನೊಬ್ಬ ನಗು ತಡೆಯಲು ಹೋಗಿ ಕೆಮ್ಮಿದ. ಅಜ್ಜನ ಮುಖ ಕೆಂಪಾಯಿತು. ಅವರು ಅತ್ತೆಯನ್ನು ನೋಡಿದರು. ಅವಳು ಕದಲಲಿಲ್ಲ. ಮೊಬೈಲಿನ ಬಿಳಿಯ ಚೌಕವನ್ನು ನೋಡಿದರು. ಕೊನೆಗೆ ಜಗುಲಿಯ ಮೇಲಿದ್ದ ನನ್ನತ್ತ ತಿರುಗಿದರು.

“ಏ ತಂಗಿ, ಇದ್ನೆಲ್ಲ ಬರ್ದವ್ಳು ನೀನೇ ಅಲ್ದಾ?”

“ಹೌದಜ್ಜ.”

“ಈಗ ಇಲ್ಲಿ ಆಗ್ತಿದ್ದದ್ನೂ ಬರೀತ್ಯಾ?”

“ಕಂಡದ್ದ್ ಬರೀತೆ, ಅಜ್ಜ.”

ಅಜ್ಜ ಹೆಗಲ ಮೇಲಿನ ಪಂಚೆಯನ್ನು ಸರಿಮಾಡಿಕೊಂಡರು. ಮೊಬೈಲನ್ನು ಅದರ ಒಡೆಯನಿಗೆ ಕೊಟ್ಟರು. ಆಮೇಲೆ ಮಾವನತ್ತ ತಿರುಗಿ ಜೋರಾಗಿ ಬಯ್ದರು.

“ಎಂತ ಕಂಬ ಹಿಡ್ಕಂಡ್ ನಿಂತೆ ಬೀರಾ? ತುರಾಯಿ ಕಟ್ಟ್ಕಣ. ಹೊತ್ತಾಯ್ತು.”